ಹೀರಾಳ ಹಿಂದೆ ನಾಗಣಸೂರಿಗೆ

ಸೊಲ್ಲಾಪುರದ ಸ್ಟೇಷನ್

ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ಕಣ್ಣು ಬಿಟ್ಟು ನೋಡುತ್ತಾರೆ. ನಾನು ಮೊದಲು ಮೂಗಿನಿಂದ ನೋಡುತ್ತೇನೆ. ಅದು ನನ್ನ ಅನ್ನದ ದಾರಿ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಊದುಬತ್ತಿ ಕಾರ್ಖಾನೆ ಇದೆ. ಅಣ್ಣ ವ್ಯಾಪಾರ ನೋಡಿಕೊಳ್ಳುತ್ತಾನೆ. ಹಾಲುಮಡ್ಡಿಯ ಅಂಟಿಗೆ ಯಾವ ಎಣ್ಣೆ ಬೆರೆತರೆ ಹೇಗೆ ಉರಿಯುತ್ತದೆ, ಯಾವುದು ಕೋಣೆ ತುಂಬುತ್ತದೆ, ಯಾವುದು ತಲೆನೋವು ತರುತ್ತದೆ ಎಂದು ಮೂಸಿ ಹೇಳುವವನು ನಾನು. ನನ್ನ ಮೂಗಿನ ಬಗ್ಗೆ ನಮ್ಮ ಬೀದಿಯಲ್ಲಿ ಒಳ್ಳೆಯ ಹೆಸರಿತ್ತು. ನನಗೂ ಸ್ವಲ್ಪ ಜಂಬವಿತ್ತು.

ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಕೆಲವೇ ವರ್ಷಗಳಾಗಿದ್ದವು. ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುರುಸಿದ್ದಪ್ಪ ಎಂಬವರು ಪಕ್ಕದಲ್ಲೇ ಪೂಜಾ ಸಾಮಾನಿನ ಮಳಿಗೆಯನ್ನೂ ತೆರೆಯುವವರಿದ್ದರು. ಮಾಲು ತೋರಿಸಿ ಬಾ ಎಂದು ಅಣ್ಣ ನನ್ನನ್ನು ಕಳಿಸಿದ. ಧಾರವಾಡವನ್ನೇ ಕಾಣದ ನನಗೆ ಮಹಾರಾಷ್ಟ್ರವೆಂದರೆ ಪರದೇಶ. ಹೆಂಡತಿ ಉಪ್ಪಿನಕಾಯಿ, ಚಟ್ನಿಪುಡಿ, ಹೊದಿಕೆ ಎಲ್ಲವನ್ನೂ ಕಟ್ಟಿ, ನೀರು ಬದಲಾಗುತ್ತದೆ ಜೋಪಾನ ಎಂದು ಹಡಗು ಹತ್ತುವವನಿಗೆ ಹೇಳುವ ಹಾಗೆ ಹೇಳಿದಳು.

ಗುಂತಕಲ್ಲು ದಾಟಿದ ಮೇಲೆ ಎಲ್ಲೋ ರೈಲು ಜಗ್ಗಿ ನಿಂತಿತು. ಮೇಲಿನ ಹಲಗೆಯ ಮೇಲಿದ್ದ ನನ್ನ ಪೆಟ್ಟಿಗೆ ಕೆಳಗೆ ಬಿತ್ತು. ಒಳಗಿದ್ದ ಕೇದಗೆ ಅತ್ತರಿನ ಬಾಟಲಿ ಒಡೆದು ನನ್ನ ಬಟ್ಟೆ, ಹೊದಿಕೆ, ಕಡೆಗೆ ಚಟ್ನಿಪುಡಿಯೂ ನೆನೆದವು. ಎದುರಿನ ಸೀಟಿನ ಮುದುಕಿ ದೇವರ ಮನೆಯಲ್ಲಿ ಕೂತ ಹಾಗಾಯಿತೆಂದು ಕೈಮುಗಿದಳು. ಪಕ್ಕದಲ್ಲಿದ್ದ ಮಿಲಿಟರಿಯವರು ಮಾತ್ರ ಬಹಳ ವಿನಯದಿಂದ ಬಾಗಿಲ ಹತ್ತಿರ ನಿಂತುಕೊಳ್ಳುತ್ತೀರಾ ಎಂದು ಕೇಳಿದರು. ಹೀಗೆ ನಾನು ಮೆರವಣಿಗೆಯ ಉತ್ಸವಮೂರ್ತಿಯಂತೆ ಘಮಘಮಿಸುತ್ತ ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಇಳಿದೆ. ಆ ಊರಿನ ವಾಸನೆ ಏನೆಂದು ತಿಳಿಯಲು ನನಗೆ ಒಂದು ದಿನವೇ ಬೇಕಾಯಿತು. ಹಸಿ ನೂಲು, ಗಂಜಿ, ಬಣ್ಣದ ಕಡಾಯಿಯ ಹಬೆ, ಗಿರಣಿಯ ಹೊಗೆ, ಹುರಿದ ಶೇಂಗಾ.

ನವಿ ಪೇಠ

ಗುರುಸಿದ್ದಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಕ್ಕರು. "ಬರ್ರಿ ಬರ್ರಿ. ನಿಮ್ಮ ವಾಸನಿ ಮೊದಲ ಬಂತು, ನೀವು ಹಿಂದಿಂದ ಬಂದ್ರಿ."

ಪರದೇಶಕ್ಕೆ ಬಂದೆನೆಂದುಕೊಂಡವನಿಗೆ ಕನ್ನಡ ಕೇಳಿ ಜೀವ ಬಂದಂತಾಯಿತು. ಆದರೆ ಆ ಕನ್ನಡ ನನಗೆ ಅರ್ಧವೇ ತಿಳಿಯುತ್ತಿತ್ತು. ಅವರ ಮನೆಯಲ್ಲಿ ಭಾಷೆಗೂ ಒಂದು ಹೊಸ್ತಿಲಿತ್ತು. ಅಂಗಡಿಯಲ್ಲಿ ಮರಾಠಿ, ಒಳಗಿನ ಪಡಸಾಲೆಯಲ್ಲಿ ಕನ್ನಡ, ಮಕ್ಕಳು ಜಗಳವಾಡುವಾಗ ಎರಡೂ. ಗುರುಸಿದ್ದಪ್ಪನವರ ತಾಯಿ ನೀಲವ್ವ ಅಜ್ಜಿಗೆ ಮೈಸೂರಿನವರು ಮೂರು ಹೊತ್ತೂ ಅನ್ನವನ್ನೇ ತಿಂದು ಹೇಗೆ ನಡೆದಾಡುತ್ತಾರೆ ಎಂಬುದೇ ದೊಡ್ಡ ಸಂಶಯ. ನನ್ನ ಮುಂದೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು, ತಿನ್ನುವವರೆಗೆ ಎದುರಿನಲ್ಲೇ ಕೂತರು. ಇಷ್ಟು ಖಾರ ತಿನ್ನುವವರು ಇಷ್ಟು ಮೆತ್ತಗೆ ಮಾತಾಡುವುದು ಹೇಗೆ ಎಂಬುದು ನನ್ನ ಸಂಶಯ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಒಬ್ಬ ಪೊಲೀಸ್ ಹವಾಲ್ದಾರ ಬಂದ. ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ, ಹಣೆಯಲ್ಲಿ ಚಿಟಿಕೆ ಅರಿಶಿನದ ಭಂಡಾರ. ಅವನು ಅರಿವೆ ಕೊಳ್ಳಲು ಬಂದಿರಲಿಲ್ಲ. ಕತ್ತರಿಸಿ ಉಳಿದ ಚೂರುಗಳನ್ನು ಕೇಳಿದ. ಅವನ್ನು ತಾನು ಮುಟ್ಟದೆ ಇಕ್ಕಳದಿಂದ ಒಂದೊಂದನ್ನು ಅಂಗಡಿಯ ಆಳುಗಳಿಗೆ, ಗಿರಾಕಿಗಳಿಗೆ ಕೊಟ್ಟು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿರಲು ಹೇಳಿದ. ಆಮೇಲೆ ಅದರಿಂದಲೇ ಎತ್ತಿ ಬೇರೆ ಬೇರೆ ಚೀಲಕ್ಕೆ ಹಾಕಿಕೊಂಡ. ಸೀರೆ ನೋಡುತ್ತಿದ್ದ ಒಬ್ಬಾಕೆ ಮಾತ್ರ ಒಪ್ಪಲಿಲ್ಲ. ತನ್ನ ವಾಸನೆ ಹಿಡಿದು ನಾಯಿ ನಾಳೆ ಮನೆಗೇ ಬಂದರೆ ಗಂಡನಿಗೆ ಏನು ಹೇಳಲಿ ಎಂದಳು.

ಇವನ ಹೆಸರು ಬೀರಪ್ಪ, ಪೊಲೀಸ್ ನಾಯಿ ನೋಡಿಕೊಳ್ಳುವವ ಎಂದು ಗುರುಸಿದ್ದಪ್ಪ ತಿಳಿಸಿದರು. ನಾಯಿಗೆ ಪಾಠ ಹೇಳಲು ಬೇರೆ ಬೇರೆ ಜನರ ವಾಸನೆ ಬೇಕಂತೆ. ಬೀರಪ್ಪ ಇಕ್ಕಳದಲ್ಲಿ ಒಂದು ಚೂರು ಹಿಡಿದು ನನ್ನ ಹತ್ತಿರ ಬಂದವನು ಮೂಗು ಅರಳಿಸಿ ಹಿಂದೆ ಸರಿದ. "ನೀವು ಬ್ಯಾಡ್ರಿ," ಎಂದ. ನಾಲ್ಕು ಹೆಜ್ಜೆ ಹೋಗಿ ಏನೋ ಯೋಚಿಸಿ ತಿರುಗಿ ಬಂದ. "ಇಲ್ರಿ, ನೀವೇ ಬೇಕು. ಸಂಜಿಮುಂದ ಮೈದಾನಕ್ಕ ಬರ್ತೀರೇನು?"

ಪೊಲೀಸ್ ಮೈದಾನ

ಗುರುಸಿದ್ದಪ್ಪನವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬೇವಿನ ಮರಗಳ ನಡುವೆ ಆ ಮೈದಾನ. ಅಲ್ಲಿ ಹೀರಾಳನ್ನು ಮೊದಲ ಸಲ ನೋಡಿದೆ. ಕಪ್ಪು ಡಾಬರ್‌ಮನ್ ಹೆಣ್ಣುನಾಯಿ. ಹುಬ್ಬಿನ ಮೇಲೆ, ಎದೆಯ ಮೇಲೆ, ಕಾಲುಗಳಲ್ಲಿ ಇಟ್ಟಿಗೆಯ ಬಣ್ಣ. ಎಣ್ಣೆ ಸವರಿದ ಹಾಗೆ ಹೊಳೆಯುವ ಮೈ. ನಮ್ಮ ಬೀದಿಯ ನಾಯಿಗಳನ್ನು ಕಂಡವನಿಗೆ ಇದೂ ನಾಯಿಯೇ ಎನ್ನಲು ನಾಲಿಗೆ ಬರಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿದಳು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ಸರ್ಕಾರಿ ಆಫೀಸಿನ ದೊಡ್ಡ ಸಾಹೇಬರು ಅರ್ಜಿದಾರನನ್ನು ನೋಡುವ ಹಾಗಿತ್ತು ಆ ನೋಟ.

ಬೀರಪ್ಪ ಇಂಗ್ಲಿಷ್ ಕಲಿತವನಲ್ಲ. ಆದರೆ ಹೀರಾಳ ಜೊತೆ ಅವನ ಕೆಲಸದ ಮಾತೆಲ್ಲ ಇಂಗ್ಲಿಷ್. ತರಬೇತಿಯಲ್ಲಿ ಹಾಗೇ ಕಲಿಸಿದ್ದಂತೆ. ಸಿಟ್ ಎಂದರೆ ಕೂರುವಳು, ಸ್ಟೇ ಎಂದರೆ ಕಿವಿಯ ಪಕ್ಕ ಪಟಾಕಿ ಸಿಡಿದರೂ ಅಲುಗಾಡಳು. ಕೆಲಸ ಮುಗಿದ ಮೇಲಿನ ಮುದ್ದಿಗೆ ಮಾತ್ರ ಕನ್ನಡ. ಒಬ್ಬ ಸಿಪಾಯಿ ಅವಳ ಮುಂದೆ ಮಾಂಸದ ತುಂಡು ಎಸೆದ. ಹೀರಾ ಅದರತ್ತ ನೋಡಲೂ ಇಲ್ಲ. ಬೀರಪ್ಪನ ಕೈಯಿಂದಲ್ಲದೆ ಅವಳು ಏನನ್ನೂ ತಿನ್ನುವುದಿಲ್ಲ. ಅವನು ಜ್ವರದಿಂದ ಮಲಗಿದ್ದಾಗ ಅವಳೂ ಉಪವಾಸ ಬಿದ್ದಿದ್ದಳಂತೆ. ಕೊನೆಗೆ ಅವನನ್ನು ಇಬ್ಬರು ಹಿಡಿದುಕೊಂಡು ಬಂದು ಅವಳ ತಟ್ಟೆಯ ಮುಂದೆ ಕೂರಿಸಬೇಕಾಯಿತು. ಮರಿಯಾಗಿದ್ದಾಗ ಅವಳನ್ನು ತನ್ನ ಕಂಬಳಿಯಲ್ಲೇ ಮಲಗಿಸಿಕೊಂಡಿದ್ದೆ ಎಂದು ಹೇಳಿದ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ತಾಯಿ ಸತ್ತ ಕುರಿಮರಿಯನ್ನು ಹೇಗೆ ಬದುಕಿಸಬೇಕೆಂದು ಮನೆಯಲ್ಲಿ ಕಲಿತದ್ದೇ ಇಲ್ಲಿ ಕೆಲಸಕ್ಕೆ ಬಂತು ಎಂದ.

ಆಮೇಲೆ ನನ್ನ ಸರದಿ. ಒಂದು ಚೂರನ್ನು ನಾನು ಕೈಯಲ್ಲಿ ಹಿಡಿದು ಕೊಟ್ಟೆ. ಅದನ್ನು ಬೇರೆಯವರು ಹಿಡಿದ ಚೂರುಗಳ ಸಾಲಿನಲ್ಲಿಟ್ಟರು. ಇದೇನು ಮಹಾ, ಕೇದಗೆಯ ವಾಸನೆ ನನಗೇ ಇಲ್ಲಿಗೆ ಹೊಡೆಯುತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಬೀರಪ್ಪ ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಕೇದಗೆ ಅತ್ತರಿನ ಬಾಟಲಿ ಕೇಳಿ ತರಿಸಿ, ಎಲ್ಲ ಚೂರುಗಳ ಮೇಲೂ ಚಿಮುಕಿಸಿದ. ಈಗ ಇಡೀ ಸಾಲು ಒಂದೇ ವಾಸನೆ. ನಾನು ಬಗ್ಗಿ ಮೂಸಿದೆ. ಕೇದಗೆ, ಕೇದಗೆ, ಕೇದಗೆ. ನನ್ನ ಮೂಗಿಗೆ ಅದರಾಚೆ ಗೋಡೆ.

ಹೀರಾ ನನ್ನ ಅಂಗೈ ಮೂಸಿದಳು. ಅವಳ ಮೂಗು ತಣ್ಣಗಿತ್ತು. ಸಾಲಿನ ಉದ್ದಕ್ಕೂ ಅವಸರವಿಲ್ಲದೆ ನಡೆದಳು, ಒಂದರ ಹತ್ತಿರ ಸ್ವಲ್ಪ ನಿಂತಳು, ದಾಟಿದಳು, ಮತ್ತೆ ತಿರುಗಿ ಬಂದು ಅದನ್ನೇ ಬಾಯಿಂದ ಎತ್ತಿ ಬೀರಪ್ಪನ ಕೈಗೆ ಕೊಟ್ಟಳು. ನನ್ನದೇ. ಅವನು ಕೂಡಲೇ ಮಂಡಿಯೂರಿ, ಅವಳ ಕತ್ತು ತಬ್ಬಿ, ಶಾಬಾಸ್ ನನ್ನವ್ವ ಎಂದು ಮಗುವಿನ ಹಾಗೆ ಕುಣಿದ. ಗುರುತು ಹಿಡಿದ ಕ್ಷಣದಲ್ಲೇ, ನಿಜವಾದ ಸಂತೋಷದಿಂದ ಹೊಗಳಬೇಕಂತೆ. ತಡವಾದರೆ, ದನಿಯಲ್ಲಿ ಸುಳ್ಳು ಬೆರೆತರೆ, ತಾನು ತಪ್ಪು ಮಾಡಿದೆನೆಂದು ತಿಳಿದು ಅವಳ ಮನಸ್ಸು ಮುರಿಯುತ್ತದಂತೆ.

ಇಷ್ಟು ಅತ್ತರಿನೊಳಗೆ ಅವಳಿಗೆ ಸಿಕ್ಕಿದ್ದೇನು ಎಂದು ಕೇಳಿದೆ.

"ಅತ್ತರಿನ ತಳಕ್ಕ ನೀವು ಇದ್ದೀರಲ್ರಿ," ಎಂದ ಬೀರಪ್ಪ.

ನನಗೆ ಆ ಮಾತಿನಿಂದ ಮೈ ಜುಮ್ಮೆಂದಿತು. ವರ್ಷಗಟ್ಟಲೆ ಗಂಧ, ಮರುಗ, ದವನ, ಸಾಂಬ್ರಾಣಿ ಹಚ್ಚಿಕೊಂಡು ಬಂದ ಈ ಕೈಯಲ್ಲಿ ನನ್ನದೆನ್ನುವ ವಾಸನೆಯೊಂದು ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ನಾಯಿ ಅದನ್ನು ಓದಿ ಪಕ್ಕಕ್ಕಿಟ್ಟು ಕೂತಿತ್ತು.

ಅಕ್ಕಲಕೋಟೆಯ ದಾರಿ

ಅಕ್ಕಲಕೋಟೆಯ ಪೂಜಾ ಅಂಗಡಿಗಳಿಗೂ ನಮ್ಮ ಬತ್ತಿ ತೋರಿಸುವುದಿತ್ತು. ನೀಲವ್ವ ಅಜ್ಜಿಗೆ ಅಲ್ಲಿ ಹಿಂದೆ ಸ್ವಾಮಿಗಳು ಕೂರುತ್ತಿದ್ದ ಆಲದ ಮರಕ್ಕೆ ಪ್ರದಕ್ಷಿಣೆ ಹಾಕುವುದಿತ್ತು. ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದೆವು. ಎರಡೂ ಕಡೆ ತೆನೆಗಟ್ಟಿದ ಬಿಳಿಜೋಳ. ನಮ್ಮ ಕಡೆ ಗದ್ದೆ ನೋಡಿ ಬೆಳೆದ ಕಣ್ಣಿಗೆ ಈ ಬಯಲಿನ ಕೊನೆಯೇ ಕಾಣದು, ಆಕಾಶ ಎಲ್ಲೋ ನೆಲಕ್ಕೇ ತಾಗಿರುತ್ತದೆ. ಅಂಥ ಬಯಲಿನ ನಡುವೆ ಬಸ್ಸು ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಇಳಿದು ಬಾನೆಟ್ ಎತ್ತಿ ನೋಡಿದ, ಮುಚ್ಚಿದ, ಬೀಡಿ ಹಚ್ಚಿದ. ಅದನ್ನು ಕಂಡು ಪ್ರಯಾಣಿಕರೆಲ್ಲ ರೊಟ್ಟಿಯ ಗಂಟು ಬಿಚ್ಚಿದರು. ನಮ್ಮ ಕಡೆಯಾಗಿದ್ದರೆ ಕಂಡಕ್ಟರನ ಜೊತೆ ಜಗಳವಾದರೂ ಆಗುತ್ತಿತ್ತು.

ಅಷ್ಟರಲ್ಲಿ ಸೊಲ್ಲಾಪುರದ ಕಡೆಯಿಂದ ಪೊಲೀಸ್ ವ್ಯಾನು ಬಂತು. ಹಿಂದೆ ಬೀರಪ್ಪ ಮತ್ತು ಹೀರಾ. ಮುಂದೆ ಮರಾಠಿ ಮಾತಾಡುವ ಒಬ್ಬ ಫೌಜದಾರರು, ಅಂದರೆ ನಮ್ಮ ಕಡೆಯ ಸಬ್ ಇನ್ಸ್‌ಪೆಕ್ಟರು. ಬೀರಪ್ಪ ಗುರುತು ಹಿಡಿದು ನಿಲ್ಲಿಸಿದ. ಫೌಜದಾರರು ಅಜ್ಜಿಯ ವಯಸ್ಸು ನೋಡಿ ಹತ್ತಲು ಹೇಳಿದರು. ಆದರೆ ಮೊದಲು ನಾಗಣಸೂರಿಗೆ ಹೋಗಿ ಆಮೇಲೆ ಅಕ್ಕಲಕೋಟೆ ಎಂದರು. ಬಿಸಿಲೇರಿದರೆ ನೆಲದ ವಾಸನೆ ಆರಿಹೋಗುತ್ತದೆ, ದಾರಿಯಲ್ಲಿ ನಿಲ್ಲುವ ಹಾಗಿಲ್ಲ. ಮಡಿಸೀರೆಯ ನೀಲವ್ವ ಅಜ್ಜಿ ನಾಯಿಯ ಪಕ್ಕ ಕೂರಬೇಕಾಗಿ ಬಂದಾಗ ಒಂದು ಕ್ಷಣ ತಡೆದರು. ಆಮೇಲೆ ಸೆರಗು ಮುದುಡಿಕೊಂಡು, ಮಲ್ಲಯ್ಯ ದೇವರ ಜೊತೆಗೂ ನಾಯಿ ಇರುತ್ತದಲ್ಲ ಎಂದು ತಮಗೇ ಸಮಾಧಾನ ಹೇಳಿಕೊಂಡು ಹತ್ತಿದರು.

ಮೈದಾನದಲ್ಲಿ ಕುಣಿದಿದ್ದ ಬೀರಪ್ಪ ಅಂದು ಮಾತಿಲ್ಲದೆ ಕೂತಿದ್ದ. ಅಜ್ಜಿ ಬಿಡಲಿಲ್ಲ, ಕೇಳಿಕೇಳಿ ಬಾಯಿ ಬಿಡಿಸಿದರು. ನಾಗಣಸೂರಿನ ಹೊಲಗಳ ಆಚೆ ಕುರುಬರ ಹಟ್ಟಿಯೊಂದಿದೆ. ಅಲ್ಲಿಯ ಬೀರೋಬನ ಗುಡಿಯ ಬೀಗ ಮುರಿದು ದೇವರ ಬೆಳ್ಳಿಯ ಮುಖ ಕದ್ದಿದ್ದಾರೆ. ಹಟ್ಟಿಯಲ್ಲಿ ತಂಗಿದ್ದ ಕಲಾಯಿ ಹಾಕುವವನೊಬ್ಬನನ್ನು ಜನ ಹಿಡಿದು ಕಟ್ಟಿದ್ದಾರೆ. ಸಿಟ್ಟಿನಲ್ಲಿದ್ದಾರೆ, ಬೇಗ ಹೋಗದಿದ್ದರೆ ಏನಾದರೂ ಆದೀತು. ಅದು ಬೀರಪ್ಪ ಹುಟ್ಟಿದ ಹಟ್ಟಿ. ಗುಡಿಯ ಪೂಜಾರಿ ಅವನ ಅಣ್ಣ ಮಾಳಪ್ಪ. ತಂದೆ ತಾಯಿ ಹೋದ ಮೇಲೆ ಬೀರಪ್ಪನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಅವನೇ. ನನ್ನ ಊರು, ಬೇರೆ ಯಾರನ್ನಾದರೂ ಕಳಿಸಿ ಎಂದು ಬೀರಪ್ಪ ಕೇಳಿಕೊಂಡಿದ್ದನಂತೆ. ಇನ್ನೊಂದು ನಾಯಿಗೆ ಹುಷಾರಿರಲಿಲ್ಲ. ನಾಯಿಗೆ ಯಾವ ಊರು ಎಂದು ಫೌಜದಾರರು ಅವನನ್ನೇ ಹೊರಡಿಸಿದ್ದರು.

ನಾಗಣಸೂರಿನ ಹಟ್ಟಿ

ಬನ್ನಿಮರದ ಕೆಳಗೆ ಚಿಕ್ಕ ಕಲ್ಲಿನ ಗುಡಿ. ಸುತ್ತ ಜನ. ಗಾಡಿಯ ಗಾಲಿಗೆ ಒಬ್ಬ ಬಡಕಲು ಮನುಷ್ಯನನ್ನು ಕಟ್ಟಿದ್ದರು. ಪಕ್ಕದಲ್ಲಿ ಅವನ ತಿದಿ, ತವರದ ತುಂಡುಗಳು ಚೆಲ್ಲಾಪಿಲ್ಲಿ. ಹೆಸರು ಬಾಬು, ಸಿಂದಗಿಯ ಕಡೆಯವನು, ಅಂದರೆ ನಮ್ಮ ರಾಜ್ಯದವನು. ತುಟಿ ಒಡೆದಿತ್ತು. ಪೂಜಾರಿ ಮಾಳಪ್ಪ ಎಲ್ಲಿ ಎಂದರೆ, ದೇವರು ಹೋದ ದುಃಖಕ್ಕೆ ನೀರೂ ಮುಟ್ಟದೆ ಹೊಲದ ಕುರಿದೊಡ್ಡಿಗೆ ಹೋಗಿ ಕೂತಿದ್ದಾನೆ ಎಂದರು.

ಗುಡಿಯ ಹಿಂದೆ ಬೀಗ ಮುರಿದ ಹಾರೆ ಬಿದ್ದಿತ್ತು. ಕೈ ಜಾರದಿರಲೆಂದು ಅದರ ಹಿಡಿಗೆ ಯಾವುದೋ ಹಳೆಯ ಅರಿವೆಯ ತುಂಡು ಸುತ್ತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಬೀರಪ್ಪ ಜನರನ್ನು ದೂರ ಸರಿಸಿ, ಇಕ್ಕಳದಿಂದ ಆ ತುಂಡನ್ನು ಬಿಚ್ಚಿದ. ಬಿಚ್ಚಿದವನು ಅದನ್ನೇ ನೋಡುತ್ತ ನಿಂತ. ಫೌಜದಾರರು ಏನಾಯಿತು ಎಂದು ಕೇಳುವವರೆಗೂ ನಿಂತಿದ್ದ. ಆಮೇಲೆ ಬಗ್ಗಿ ಹೀರಾಳ ಮೂಗಿನ ಮುಂದೆ ಹಿಡಿದ.

ಅವಳು ಮೂಸಿದ ರೀತಿಯನ್ನು ಹೇಗೆ ಹೇಳಲಿ. ನಾನು ದಿನವೂ ಮೂಸುವವನು, ಮೂಸುವುದರಲ್ಲಿ ಇಷ್ಟು ಭಕ್ತಿ ಇರಬಹುದೆಂದು ತಿಳಿದಿರಲಿಲ್ಲ. ಕಣ್ಣು ಅರ್ಧ ಮುಚ್ಚಿತು, ಪಕ್ಕೆಗಳು ಬೇಗಬೇಗ ಆಡಿದವು, ಕಿವಿಗಳು ಹಿಂದಕ್ಕೆ ಹೋದವು. ಇಡೀ ದೇಹ ಒಂದು ಮೂಗಾಯಿತು.

ಫೌಜದಾರರು ಮೊದಲು ಬಾಬುವನ್ನು ಬಿಚ್ಚಿಸಿ ಹಟ್ಟಿಯವರ ಜೊತೆ ಸಾಲಿನಲ್ಲಿ ನಿಲ್ಲಿಸಿದರು. ಅವನು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದ. ಹೀರಾ ಅವನ ಮುಂದೆ ಬಂದಳು. ನೆಟ್ಟ ಕಂಬವನ್ನು ದಾಟುವ ಹಾಗೆ ದಾಟಿ ಹೋದಳು. ಸಾಲಿನಲ್ಲಿ ಯಾರ ಮುಂದೆಯೂ ನಿಲ್ಲಲಿಲ್ಲ. ಮೂಗು ನೆಲಕ್ಕಿಟ್ಟು ಗುಡಿಯನ್ನು ಒಂದು ಸುತ್ತು ಹಾಕಿ, ಬೇಲಿಯ ಪಕ್ಕದ ಕಾಲುದಾರಿ ಹಿಡಿದಳು.

ನಾವೆಲ್ಲ ಹಿಂದೆ ಹೊರಟೆವು. ಅಜ್ಜಿಯೂ ಬಿಡದೆ ನನ್ನ ತೋಳು ಹಿಡಿದು ಬಂದರು. ಹಳ್ಳ ದಾಟಿ, ಜೋಳದ ಸಾಲುಗಳ ನಡುವೆ, ಒಬ್ಬರ ಹಿಂದೆ ಒಬ್ಬರು. ಒಂದು ಕಡೆ ಕುರಿಹಿಂಡು ಅಡ್ಡ ಹಾದುಹೋಗಿ ಹೆಜ್ಜೆಯೆಲ್ಲ ಕಲಸಿತ್ತು. ಹೀರಾ ನಿಂತಳು, ಗಾಳಿಗೆ ತಲೆಯೆತ್ತಿದಳು, ವರ್ತುಲ ಹಾಕಿದಳು, ಮತ್ತೆ ಅದೇ ಎಳೆ ಹಿಡಿದಳು. ಬೀರಪ್ಪ ಮುಂದೆ ಸಾಗಿದಷ್ಟೂ ಹಗ್ಗ ಸಡಿಲವಾಗಿಯೇ ಇತ್ತು. ಅವನು ಅದನ್ನು ಒಮ್ಮೆಯೂ ಎಡಕ್ಕೋ ಬಲಕ್ಕೋ ಜಗ್ಗಲಿಲ್ಲ. ಅವಳು ಯಾವ ದೊಡ್ಡಿಯ ಕಡೆ ಹೋಗುತ್ತಿದ್ದಾಳೆ ಎಂದು ಹಟ್ಟಿಯವರಿಗೆ ತಿಳಿದಾಗ ಹಿಂದಿನ ಗುಸುಗುಸು ನಿಂತುಹೋಯಿತು.

ಮುಳ್ಳುಬೇಲಿಯ ಒಳಗೆ ಕಂಬಳಿ ಹಾಸಿ ಒಬ್ಬ ಮುದುಕ ಕೂತಿದ್ದ. ಬೀರಪ್ಪನದೇ ಮುಖ, ಇನ್ನಷ್ಟು ಬಿಸಿಲು ಕಂಡದ್ದು. ಮರಿಗಳು ಅರಚಿ ಚದುರಿದವು. ಹೀರಾ ಅವುಗಳ ಕಡೆ ನೋಡದೆ ನೇರವಾಗಿ ಹೋಗಿ ಮಾಳಪ್ಪನ ಎದುರು ಕೂತು, ಒಂದೇ ಸಲ ಬೊಗಳಿದಳು.

ಮೊದಲು ಮಾತಾಡಿದವರು ಫೌಜದಾರರು. ಇವನು ಪೂಜಾರಿ, ದಿನವೂ ಗುಡಿಯಲ್ಲಿ ಓಡಾಡುವವನು, ಇವನ ವಾಸನೆ ಅಲ್ಲೆಲ್ಲ ಇದ್ದೇ ಇರುತ್ತದೆ, ನಾಯಿಗೆ ಗೊಂದಲವಾಗಿದೆ, ತಿರುಗಿಸು ಎಂದು ಮರಾಠಿಯಲ್ಲಿ ಹೇಳಿದರು, ಅಜ್ಜಿ ನನಗೆ ಕನ್ನಡದಲ್ಲಿ ತಿಳಿಸಿದರು. ಹೌದು ಹೌದು ಎಂದು ಜನರಿಗೂ ಉಸಿರು ಬಂತು. ನನಗೂ ಹಾಗೇ ಅನ್ನಿಸಿತು. ಬೀರಪ್ಪನಿಗೆ ಬಾಗಿಲು ತೆರೆದೇ ಇತ್ತು. ಸುಮ್ಮನೆ ಹಗ್ಗ ಎಳೆದುಕೊಂಡು ಹೊರಗೆ ನಡೆದರೆ ಸಾಕಿತ್ತು. ಬೇಲಿಯ ಆಚೆ ಬಾಬುವಿನ ತೋಳನ್ನು ಇಬ್ಬರು ಇನ್ನೂ ಬಿಗಿಯಾಗಿ ಹಿಡಿದಿದ್ದರು.

ಬೀರಪ್ಪ ಆ ಕಡೆ ಒಮ್ಮೆ ನೋಡಿದ. "ಸಾಹೇಬ್ರ, ನಾ ಆಕಿಗೆ ಗುಡಿ ವಾಸನಿ ಕೊಟ್ಟಿಲ್ರಿ," ಎಂದ. "ಹಾರಿಗೆ ಸುತ್ತಿದ ಅರಿವಿ ಕೊಟ್ಟೀನಿ."

ಅಷ್ಟು ಹೇಳಿ ಹಗ್ಗವನ್ನು ಪೂರ್ತಿ ಬಿಚ್ಚಿ, ಹುಡುಕು ಎಂದು ಇಂಗ್ಲಿಷಿನಲ್ಲಿ ಆಜ್ಞೆ ಕೊಟ್ಟ. ಹೀರಾ ದೊಡ್ಡಿಯ ಮೂಲೆಗೆ ಹೋದಳು. ಅಲ್ಲಿ ಕತ್ತರಿಸಿದ ಉಣ್ಣೆಯ ರಾಶಿ. ಕಾಲಿನಿಂದ ಕೆರೆದಳು. ಕಂಬಳಿಯ ಗಂಟೊಂದು ಹೊರಬಂತು. ಬಿಚ್ಚಿದರೆ ದೊಡ್ಡ ಕಣ್ಣುಗಳ, ಮೀಸೆಯ ಬೆಳ್ಳಿಯ ಮುಖ. ಹಟ್ಟಿಯವರೆಲ್ಲ ಅದನ್ನು ಕಂಡು ನಿಂತಲ್ಲೇ ನೆಲಕ್ಕೆ ಹಣೆ ಹಚ್ಚಿದರು.

ಬೀರಪ್ಪ ಮಂಡಿಯೂರಿದ. "ಶಾಬಾಸ್ ಹೀರಾ, ಶಾಬಾಸ್ ನನ್ನವ್ವ, ಎಂಥಾಕಿ ಅದೀ ನೀ," ಎಂದು ಅವಳ ಕತ್ತು ತಬ್ಬಿ, ಬೆನ್ನು ತಟ್ಟಿ, ಜೇಬಿನಿಂದ ತಿಂಡಿ ತೆಗೆದು ಬಾಯಿಗಿಟ್ಟ. ಮೈದಾನದಲ್ಲಿ ಕೇಳಿದ್ದ ಅದೇ ದನಿ, ಅದೇ ನಗು. ಅಣ್ಣ ಎದುರಿಗೆ ಕೂತಿರುವಾಗ ಇದೇನು ಎಂದು ಹಟ್ಟಿಯವನೊಬ್ಬ ಉಗುಳಿದ. ನನಗೆ ಗೊತ್ತಿತ್ತು. ಅವಳು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಳು. ಅವಳಿಗೆ ಸಲ್ಲಬೇಕಾದದ್ದು ಆ ಕ್ಷಣದಲ್ಲೇ ಸಲ್ಲಬೇಕಿತ್ತು. ದನಿ ಎಲ್ಲೂ ಒಡೆಯಲಿಲ್ಲ. ಮುಖ ಮಾತ್ರ ನಮಗೆ ಕಾಣಲಿಲ್ಲ, ಅದನ್ನು ನಾಯಿಯ ಕುತ್ತಿಗೆಯಲ್ಲಿ ಹುದುಗಿಸಿದ್ದ. ಮನುಷ್ಯನ ಕೈಯಿಂದ ಅಷ್ಟು ಕಷ್ಟದ ಕೆಲಸವೊಂದು ಆದದ್ದನ್ನು ಅದಕ್ಕೆ ಮೊದಲಾಗಲಿ ಆಮೇಲಾಗಲಿ ನಾನು ನೋಡಿಲ್ಲ.

ಮಾಳಪ್ಪ ಏನನ್ನೂ ಅಲ್ಲಗಳೆಯಲಿಲ್ಲ. ಅವನಿಗೆ ಗಂಡುಮಕ್ಕಳಿಲ್ಲ, ಕಾಲಲ್ಲೂ ಶಕ್ತಿ ಉಳಿದಿರಲಿಲ್ಲ. ಮುಂದಿನ ಅಮಾವಾಸ್ಯೆಯಿಂದ ಪೂಜೆ ದಾಯಾದಿಗಳ ಮನೆಗೆ ಹೋಗಬೇಕೆಂದು ಹಿರಿಯರು ತೀರ್ಮಾನ ಮಾಡಿದ್ದರು. ಅಪ್ಪ, ಅಜ್ಜ ಎದೆಯ ಮೇಲೆ ಹೊತ್ತ ದೇವರನ್ನು ಇನ್ನೊಬ್ಬರ ಕೈಗೆ ಕೊಡಲು ಅವನಿಂದ ಆಗಲಿಲ್ಲ. ಕಳ್ಳರು ಬಂದಂತೆ ಕಾಣಲಿ ಎಂದು ಕೀಲಿ ಬಿಟ್ಟು ಹಾರೆಯಿಂದ ಬೀಗ ಮುರಿದಿದ್ದ. "ಬೆಳ್ಳಿ ನನಗ ಬೇಕಾಗಿರಲಿಲ್ರಿ," ಎಂದ, "ಮುಖ ಬೇಕಾಗಿತ್ತು." ಬಾಬುವನ್ನು ಹಿಡಿದಾಗ ನಿಜ ಹೇಳಿಬಿಡಬೇಕೆಂದು ಎದ್ದು ಬಂದಿದ್ದನಂತೆ. ಜನರ ಮುಂದೆ ಬಾಯಿ ಬರಲಿಲ್ಲ. ಅದಕ್ಕೇ ದೊಡ್ಡಿಗೆ ಬಂದು ಕೂತಿದ್ದ.

ಅವನು ಎದ್ದು ಬಾಬುವಿನ ಕಾಲು ಮುಟ್ಟಲು ಹೋದ. ಬಾಬು ಹಿಂದೆ ಸರಿದ. ಅವನಿಗೆ ಬೇಕಾಗಿದ್ದದ್ದು ಒಂದು ತಂಬಿಗೆ ನೀರು ಮತ್ತು ತನ್ನ ತಿದಿ. ನೀರು ಕುಡಿದ ಮೇಲೆ ಹೀರಾಳಿಂದ ಸ್ವಲ್ಪ ದೂರದಲ್ಲಿ ನಿಂತು, ದೊಡ್ಡವರಿಗೆ ಮುಗಿಯುವ ಹಾಗೆ ಎರಡೂ ಕೈ ಮುಗಿದ. ಯಾರ ಕಡೆಯೂ ತಿರುಗದೆ ದಕ್ಷಿಣದ ದಾರಿ ಹಿಡಿದು ನಡೆದ.

ಅಕ್ಕಲಕೋಟೆ

ವ್ಯಾನಿನಲ್ಲಿ ಈಗ ಮಾಳಪ್ಪನೂ ಇದ್ದ. ಒಂದು ಹಲಗೆಯ ಮೇಲೆ ಅಣ್ಣ, ಎದುರಿನ ಹಲಗೆಯ ಮೇಲೆ ತಮ್ಮ, ನಡುವೆ ಹೀರಾ. ನೀಲವ್ವ ಅಜ್ಜಿ ಗಂಟು ಬಿಚ್ಚಿ ರೊಟ್ಟಿ ಮುರಿದು ಮಾಳಪ್ಪನ ಕೈಗಿಟ್ಟರು. ಕಳ್ಳನಿಗೆ ಕೊಡುತ್ತಿದ್ದೇನೆ ಎಂಬ ಭಾವ ಅವರಲ್ಲಿರಲಿಲ್ಲ. ಉಪವಾಸವಿದ್ದವನಿಗೆ ಕೊಡುತ್ತಿದ್ದರು, ಅಷ್ಟೆ. ಅವನು ತಿಂದ.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುವರ್ಷ ಸೊಲ್ಲಾಪುರಕ್ಕೆ ಹೋದಾಗ ಗುರುಸಿದ್ದಪ್ಪನವರಿಂದ ಕೇಳಿದ್ದು ಇದು. ಹಟ್ಟಿಯ ಹಿರಿಯರೇ ಬಂದು, ದೇವರು ದೇವರ ಆಳಿನ ಮನೆಯಲ್ಲೇ ಇದ್ದ, ನಮಗೆ ದೂರಿಲ್ಲ ಎಂದು ಹೇಳಿಕೊಂಡರಂತೆ. ಕೆಲವು ಕಾಲ ಅಲೆದಾಟವಾಗಿ, ಕೋರ್ಟಿನಲ್ಲಿ ಮಾಳಪ್ಪನಿಗೆ ಎಚ್ಚರಿಕೆ ಹೇಳಿ ಬಿಟ್ಟರು. ಪೂಜೆ ದಾಯಾದಿಗಳಿಗೆ ಹೋಯಿತು. ಮಾಳಪ್ಪ ಈಗ ಗುಡಿಯ ಹೊರಗೆ ಬನ್ನಿಮರದ ಕೆಳಗೆ ಕೂತು ಬಂದವರ ಹಣೆಗೆ ಭಂಡಾರ ಹಚ್ಚುತ್ತಾನೆ. ಬಾಬು ಮಾತ್ರ ಆ ಹಟ್ಟಿಗೆ ಮತ್ತೆ ಕಾಲಿಡಲಿಲ್ಲ. ಅಲ್ಲಿಯ ಪಾತ್ರೆಗಳು ಕಲಾಯಿಯಿಲ್ಲದೆ ಕಿಲುಬು ಹಿಡಿದವಂತೆ.

ಆದರೆ ನನಗೆ ಅಕ್ಕಲಕೋಟೆ ಎಂದರೆ ನೆನಪಾಗುವುದು ಆ ಮಧ್ಯಾಹ್ನವೇ. ಅಜ್ಜಿಯನ್ನು ಸ್ವಾಮಿಗಳ ಆಲದ ಮರದ ಹತ್ತಿರ ಬಿಟ್ಟು, ವ್ಯಾನಿನಲ್ಲಿ ಮರೆತು ಬಂದಿದ್ದ ನನ್ನ ಮಾದರಿ ಬತ್ತಿಗಳ ಚೀಲಕ್ಕಾಗಿ ಪೊಲೀಸ್ ಠಾಣೆಗೆ ತಿರುಗಿ ಹೋದೆ. ಫೌಜದಾರರು ಒಳಗೆ ಬರೆಯುತ್ತಿದ್ದರು. ಅಂಗಳದ ಬೇವಿನ ನೆರಳಲ್ಲಿ ಅಣ್ಣ ತಮ್ಮ ಕೂತಿದ್ದರು. ಹೀರಾ ನಾಲಿಗೆ ಹೊರಹಾಕಿ ತೇಕುತ್ತ ಮಲಗಿದ್ದಳು. ನಾನು ವ್ಯಾನಿನ ಈ ಕಡೆ ಇದ್ದೆ. ಅವರ ಮಾತು ಕೇಳಿಸುತ್ತಿತ್ತು, ನಡುವೆ ಹೋಗಲು ಮನಸ್ಸಾಗಲಿಲ್ಲ.

"ಅರಿವಿ ನೋಡಿದಕೂಡ್ಲೆ ನಿನಗ ಗೊತ್ತಾಗಿರಬೇಕಲ್ಲ?" ಎಂದು ಕೇಳಿದ ಮಾಳಪ್ಪ.

"ಗೊತ್ತಾತು," ಎಂದ ಬೀರಪ್ಪ. "ಅವ್ವನ ಸೀರಿ ಸೆರಗು."

"ಮತ್ತ ಅದನ್ನ ಯಾಕ ಕೊಟ್ಟಿ? ಬ್ಯಾರೆ ಏನರ ಮೂಸಸಿದ್ರ ಯಾರಿಗಿ ತಿಳೀತಿತ್ತು?"

ಬೀರಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಅಲ್ಲಿ ಒಬ್ಬಾಂವನ್ನ ಕಟ್ಟಿದ್ರು, ಅಣ್ಣ," ಎಂದ. ಆಮೇಲೆ ನಾಯಿಯ ಕಡೆ ನೋಡಿ, "ಮರಿ ಇದ್ದಾಗಿಂದ ಆಕಿ ನನ್ನ ಕೈ ನಂಬ್ಯಾಳ. ನಾ ಒಂದ ಸಲ ಸುಳ್ಳ ವಾಸನಿ ಕೊಟ್ರ, ಆಕಿಗೆ ತಿಳೀತಿತ್ತು."

ಮಾಳಪ್ಪ ತಮ್ಮನ ಮುಖ ನೋಡಲಿಲ್ಲ. ಆಯುಷ್ಯವೆಲ್ಲ ಮೂಕಪ್ರಾಣಿಗಳ ಜೊತೆ ಕಳೆದವನ ಕಣ್ಣಿನಿಂದ ಹೀರಾಳ ಎದ್ದುಬೀಳುವ ಪಕ್ಕೆಗಳನ್ನು, ಧೂಳು ಮೆತ್ತಿದ ಮೂಗನ್ನು, ಕಾಲಿನ ಮೇಲೆ ಜೋಳದ ಎಲೆ ಕೊಯ್ದ ಗೀರನ್ನು ನೋಡುತ್ತ ಕೂತ.

"ಎದ್ದು ಆಕಿಗೆ ನೀರ ಕುಡಸು," ಎಂದ ಕೊನೆಗೆ. "ಬಾಳ ನಡದಾಳ."

ಬೀರಪ್ಪ ಎದ್ದು ಬಾವಿಯ ಕಡೆ ಹೋದ.